ರೂಪಾಯಿಗೆ ಎರಡು ಪೈಸೆ

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಹನ್ನೊಂದು ಕವಿತೆಗಳಿದ್ದವು. ಎಣಿಸಿ ನೋಡಿದೆ, ಕಾಮರ್ಸಿನವನಿಗೆ ಎಣಿಸುವ ಚಟ. ಏಳರಲ್ಲಿ ಮಳೆ, ಎರಡರಲ್ಲಿ ಕಡಲು, ಒಂದರಲ್ಲಿ ಕಣ್ಣೀರು. ಉಳಿದ ಒಂದರಲ್ಲಿ ನೀರಿಲ್ಲ, ಆದರೆ ಅದರ ಹೆಸರು 'ಬಾಯಾರಿಕೆ'. ನೀರಿನ ಮೇಲೆ ಇಷ್ಟೆಲ್ಲ ಬರೆದ ನಮ್ಮ ಕವಿಮಿತ್ರರಲ್ಲಿ ಒಬ್ಬರಾದರೂ ನೀರು ಅಂದರೆ ಏನು, ಅದನ್ನು ಒಡೆದರೆ ಏನು ಸಿಗುತ್ತೆ ಅಂತ ಕೇಳಬಾರದಿತ್ತೇ? ಈ ಸಲ ಸಂಪಾದಕರು ನನ್ನ ಹತ್ತಿರವೂ ಒಂದು ಕವಿತೆ ಕೇಳಿದರು. ಕವಿತೆ ನನ್ನಿಂದಾಗದು. ಅದರ ಬದಲು ಇದು. ಇದು ಸಾಹಿತ್ಯವೇ ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ಇದು ದುಡ್ಡಿನ ವಿಷಯ, ಅದೂ ನಮ್ಮೆಲ್ಲರ ದುಡ್ಡಿನ ವಿಷಯ, ಅಷ್ಟು ಮಾತ್ರ ಹೇಳಬಲ್ಲೆ.

ಶುರುವಾದದ್ದು ಲೋಕಲ್ ಗಾಡಿಯಲ್ಲಿ. ಸಾಯನ್ಸ್ ಓದುವ ಗೆಳೆಯನೊಬ್ಬ ಕುರ್ಲಾದಲ್ಲಿ ನನ್ನ ಜೊತೆ ಹತ್ತಿದ. ನಿಲ್ಲಲು ಜಾಗ ಸಿಕ್ಕಿದ ಕೂಡಲೇ ಶುರುಮಾಡಿದ: "ಗೊತ್ತುಂಟಾ ಮಾರಾಯ, ಇನ್ನು ಪ್ಲಾಟಿನಮ್ಮಿನ ಗಟ್ಟಿ ಬೇಡ. ಒಂದೊಂದೇ ಪರಮಾಣುವನ್ನು ಬಿಡಿಬಿಡಿಯಾಗಿ ಕೂರಿಸಿದರೆ ಸಾಕು. ನೀರಿಗೆ ಹಾಕಿ ಬಿಸಿಲಿಗಿಟ್ಟರೆ ನೀರು ತಾನಾಗಿ ಒಡೀತದೆ. ಹೈಡ್ರೋಜನ್ ಬರ್ತದೆ. ಪೆಟ್ರೋಲಿನ ಕಥೆ ಮುಗಿಯಿತು." ನಾನು ಕೇಳಿದೆ, "ಕೆ.ಜಿ.ಗೆ ಎಷ್ಟು ಬೀಳ್ತದೆ?" ಅವನಿಗೆ ಸಿಟ್ಟು ಬಂತು. ಠಾಣೆ ಬರುವವರೆಗೆ ಮಾತಾಡಲಿಲ್ಲ. ಆಮೇಲೆ, "ನಿಮಗೆ ಕಾಮರ್ಸಿನವರಿಗೆ ಅದೊಂದೇ ಗೊತ್ತಿರುವುದು" ಅಂದ.

ಹೌದು, ಅದೊಂದೇ ಗೊತ್ತಿರುವುದು. ಆದರೆ ಆ ಪ್ರಶ್ನೆ ಕೆಟ್ಟದ್ದೆಂದು ನನಗೆ ಅನಿಸಲಿಲ್ಲ. ಅವನ ಹತ್ತಿರವೇ ಪುಸ್ತಕ ತೆಗೆದುಕೊಂಡು, ಅವನ ತಲೆ ತಿಂದು, ತಿಂಗಳೊಪ್ಪತ್ತು ಓದಿದ ಮೇಲೆ ನನಗೆ ತಿಳಿದದ್ದನ್ನು, ಮತ್ತೆ ನನ್ನ ತಕರಾರನ್ನು, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾತುಗಳನ್ನು ಸರಿಮಾಡಿಕೊಳ್ಳೋಣ. ಕನ್ನಡ ಶಾಲೆಯಲ್ಲಿ ಕಲಿತವರಿಗೆ ನೆನಪಿರಬೇಕು: ಧಾತುವಿನ ಅತಿ ಚಿಕ್ಕ ಕಣ ಪರಮಾಣು, ಪರಮಾಣುಗಳು ಕೂಡಿ ಆದದ್ದು ಅಣು. ಎರಡು ಹೈಡ್ರೋಜನ್ ಪರಮಾಣು, ಒಂದು ಆಮ್ಲಜನಕದ ಪರಮಾಣು ಸೇರಿದರೆ ನೀರಿನ ಒಂದು ಅಣು. ಆದರೆ ಮುಂಬಯಿಯಲ್ಲಿ ಈ ಪಾಠ ನೆಟ್ಟಗೆ ನಿಲ್ಲುವುದಿಲ್ಲ. ಪಕ್ಕದ ಮರಾಠಿ ಹುಡುಗನಿಗೆ ಅಣು ಅಂದರೆ ನಮ್ಮ ಪರಮಾಣು. ನಮ್ಮ ಅಣುವಿಗೆ ಅವನು ರೇಣು ಅಂತಾನೆ. ಟ್ರಾಂಬೆಯಲ್ಲಿ ಪರಮಾಣು ವಿಜ್ಞಾನಿಗಳು ವಾಸಮಾಡುವ ಊರಿಗೆ ಹೆಸರು ಅಣುಶಕ್ತಿನಗರ. ನಮ್ಮ ಕನ್ನಡ ಪತ್ರಿಕೆಗಳೂ ಅಣುಬಾಂಬು ಅಂತಲೇ ಬರೆಯುತ್ತವೆ. ಇರಲಿ. ಈ ಲೇಖನದಲ್ಲಿ ಪರಮಾಣು ಅಂದರೆ ಪರಮಾಣುವೇ.

ಹೈಡ್ರೋಜನ್ನಿಗೆ ಕನ್ನಡದಲ್ಲಿ ಜಲಜನಕ ಎಂಬ ಹೆಸರಿದೆ. ನೀರನ್ನು ಹುಟ್ಟಿಸುವುದು ಎಂದರ್ಥ. ಮೂಲ ಗ್ರೀಕ್ ಮಾತಿನ ಅರ್ಥವೂ ಅದೇ. ಉರಿಸಿದರೆ ನೀರು ಹುಟ್ಟುತ್ತೆ. ಇಂಗಾಲದ ಹೊಗೆಯಿಲ್ಲ, ಮಸಿಯಿಲ್ಲ. ತೊಂದರೆ ಏನೆಂದರೆ ಅದು ಭೂಮಿಯ ಮೇಲೆ ಒಂಟಿಯಾಗಿ ಸಿಗುವುದು ಅಪರೂಪ. ನೀರಿನಲ್ಲೋ ನೈಸರ್ಗಿಕ ಅನಿಲದಲ್ಲೋ ಬೇರೆಯವರ ಕೈ ಹಿಡಿದು ಕೂತಿರುತ್ತೆ. ಅಲ್ಲಿಂದ ಬಿಡಿಸಲು ಶಕ್ತಿ ಖರ್ಚಾಗುತ್ತೆ. ಲಂಡನ್ನಿನಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು 1800ರಲ್ಲೇ ಬ್ಯಾಟರಿಯ ತಂತಿಗಳನ್ನು ನೀರಿಗಿಳಿಸಿ ನೀರನ್ನು ಒಡೆದು ತೋರಿಸಿದರು. ಅಂದರೆ ನೀರು ಒಡೆಯುವುದು ಇನ್ನೂರು ವರ್ಷದ ಹಳೆಯ ವಿದ್ಯೆ. ಲಾಭದಲ್ಲಿ ಒಡೆಯುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ.

ಇಲ್ಲಿ ಕ್ರಿಯಾವರ್ಧಕದ ಮಾತು ಬರುತ್ತದೆ. ಇಂಗ್ಲಿಷಿನಲ್ಲಿ ಕ್ಯಾಟಲಿಸ್ಟ್ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದಲ್ಲಾಳಿ. ವ್ಯವಹಾರ ಕುದುರಿಸುತ್ತಾನೆ, ತಾನು ಸರಕಿನಲ್ಲಿ ಸೇರುವುದಿಲ್ಲ, ಒಂದು ವ್ಯವಹಾರ ಮುಗಿದ ಕೂಡಲೇ ಇನ್ನೊಂದಕ್ಕೆ ತಯಾರು. ಆದರೆ ದಲ್ಲಾಳಿ ಎಷ್ಟೇ ಜಾಣನಾದರೂ ಸರಕಿನ ಅಸಲು ಬೆಲೆಯನ್ನು ಇಳಿಸಲಾರ. ವಿದ್ಯುತ್ತಿನಿಂದ ನೀರನ್ನು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು. ಅದು ಪ್ರಕೃತಿ ಹಾಕಿದ ಅಸಲು, ಚೌಕಾಸಿ ಇಲ್ಲ. ಕಾರ್ಖಾನೆಯಲ್ಲಿ ಸುಮಾರು 1.8ರಿಂದ 2 ವೋಲ್ಟ್ ಕೊಡಬೇಕಾಗುತ್ತದೆ. ಮೇಲಿನದೆಲ್ಲ ಅಡ್ಡ ಖರ್ಚು. ಕ್ರಿಯಾವರ್ಧಕ ಇಳಿಸುವುದು ಈ ಅಡ್ಡ ಖರ್ಚನ್ನು ಮಾತ್ರ. "ನೀರು ತಾನಾಗಿ ಒಡೀತದೆ" ಎಂದ ನನ್ನ ಗೆಳೆಯನ ಮಾತು ಅಲ್ಲಿಗೇ ಅರ್ಧ ಬಿತ್ತು. ತಾನಾಗಿ ಒಡೆಯುವುದಿಲ್ಲ. ಅಸಲನ್ನು ಸೂರ್ಯ ಕೊಡುತ್ತಾನೆ.

ಹೈಡ್ರೋಜನ್ ಬಿಡಿಸುವ ಕೆಲಸದಲ್ಲಿ ಪ್ಲಾಟಿನಮ್ಮಿನಂಥ ದಲ್ಲಾಳಿ ಇಲ್ಲ. ಆದರೆ ಇಡೀ ಪ್ರಪಂಚದ ಗಣಿಗಳು ವರ್ಷಕ್ಕೆ ತೆಗೆಯುವ ಪ್ಲಾಟಿನಮ್ 200 ಟನ್ನಿಗಿಂತ ಕಡಿಮೆ, ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕದ್ದು. ಆಮ್ಲಜನಕದ ಕಡೆಯ ಕೆಲಸಕ್ಕೆ ಕೆಲವು ಯಂತ್ರಗಳಲ್ಲಿ ಇರಿಡಿಯಮ್ ಬೇಕು. ಅದು ವರ್ಷಕ್ಕೆ ಸಿಗುವುದೇ ಏಳೆಂಟು ಟನ್. ಒಂದು ಲಾರಿಯ ಲೋಡು! ಇಡೀ ಪ್ರಪಂಚಕ್ಕೆ!

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ಒಂದು ಗ್ರಾಂ ಪ್ಲಾಟಿನಮ್ಮಿನಲ್ಲಿ 3ರ ಮುಂದೆ 21 ಸೊನ್ನೆ ಹಾಕಿದಷ್ಟು ಪರಮಾಣುಗಳಿವೆ. ಅದನ್ನು ಒಂದೇ ಗಟ್ಟಿಯಾಗಿ ಇಟ್ಟರೆ ಸರಿಸುಮಾರು 25 ಲಕ್ಷಕ್ಕೆ ಒಂದು ಪರಮಾಣು ಮಾತ್ರ ಹೊರಮೈಯಲ್ಲಿರುತ್ತದೆ. ನೀರು ಮುಟ್ಟುವುದು ಹೊರಮೈಯನ್ನು. ಒಳಗಿನವು ಏನು ಮಾಡುತ್ತವೆ? ಏನೂ ಇಲ್ಲ. ಸುಮ್ಮನೆ ಕೂತಿರುತ್ತವೆ. ನಮ್ಮ ಅಕೌಂಟೆನ್ಸಿಯಲ್ಲಿ ಇದಕ್ಕೆ ಡೆಡ್ ಸ್ಟಾಕ್ ಅಂತಾರೆ. ದುಡ್ಡು ಕೊಟ್ಟು ತಂದು ಗೋದಾಮಿನಲ್ಲಿ ಹಾಕಿ ಬೀಗ ಜಡಿದ ಸರಕು.

ಮಿಠಾಯಿ ಅಂಗಡಿಯವರಿಗೆ ಈ ವಿಷಯ ಮೊದಲೇ ಗೊತ್ತಿತ್ತು. ಕಾಜು ಕತ್ಲಿಯ ಮೇಲೆ ಬೆಳ್ಳಿ ಹೊಳೆಯುತ್ತದಲ್ಲ, ಅದಕ್ಕೆ ಅವರು ಬೆಳ್ಳಿಯ ಗಟ್ಟಿ ಇಡುವುದಿಲ್ಲ. ಬಡಿದು ಬಡಿದು ಉಸಿರು ತಾಗಿದರೆ ಹಾರಿಹೋಗುವ ವರಖ್ ಮಾಡಿ ಹಚ್ಚುತ್ತಾರೆ. ಕಣ್ಣಿಗೆ ಕಾಣುವುದು ಮೇಲ್ಮೈ ತಾನೆ. ರಸಾಯನಶಾಸ್ತ್ರದವರೂ ಇದೇ ದಾರಿ ಹಿಡಿದರು. ಪ್ಲಾಟಿನಮ್ಮನ್ನು ಪುಡಿ ಮಾಡಿದರು, ಪುಡಿಯನ್ನು ಮತ್ತೆ ಪುಡಿ ಮಾಡಿದರು. ಮೂರು ನ್ಯಾನೋಮೀಟರಿನ ಕಣಕ್ಕೆ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಬಂದಾಗ ಸುಮಾರು ಮೂರರಲ್ಲೊಂದು ಪಾಲು ಪರಮಾಣುಗಳು ಹೊರಗೆ ಬಂದವು. ಅದಕ್ಕೂ ಮುಂದೆ ಹೋದರೆ? ಕೊನೆಯ ಮೆಟ್ಟಿಲು ಒಂದೊಂದೇ ಪರಮಾಣು. ಕಬ್ಬಿಣದ ಆಕ್ಸೈಡಿನ ಮೇಲೆ ಪ್ಲಾಟಿನಮ್ಮಿನ ಪರಮಾಣುಗಳನ್ನು ಬಿಡಿಬಿಡಿಯಾಗಿ ಕೂರಿಸಿ ಕೆಲಸ ಮಾಡಿಸಿದ್ದನ್ನು ಚೀನಾದ ದಾಲಿಯನ್‌ನ ಝಾಂಗ್ ತಾವೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಅದು ನೀರಿನ ಕೆಲಸವಲ್ಲ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಸುಡುವ ಕೆಲಸ. 'ಒಂಟಿ ಪರಮಾಣು ಕ್ರಿಯಾವರ್ಧಕ' ಎಂಬ ಹೆಸರು ಹರಡಿದ್ದು ಅಲ್ಲಿಂದ. ನೀರು ಒಡೆಯುವವರೂ ಅದನ್ನು ಕೈಗೆತ್ತಿಕೊಂಡರು. ಡೆಡ್ ಸ್ಟಾಕ್ ಸೊನ್ನೆ! ಇಷ್ಟು ಚಂದದ ಸ್ಟಾಕ್ ರಿಜಿಸ್ಟರನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಿಸಿಲಿನ ಕಥೆ ಇದಕ್ಕಿಂತ ಹಳೆಯದು. ಟೋಕಿಯೋದ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಟೈಟಾನಿಯಮ್ ಡೈಆಕ್ಸೈಡನ್ನು, ಅಂದರೆ ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವ ಅದೇ ವಸ್ತುವನ್ನು, ನೀರಿನಲ್ಲಿಟ್ಟು ಬೆಳಕು ಬೀಳಿಸಿ, ಪ್ಲಾಟಿನಮ್ಮಿನ ಕಡೆಯಿಂದ ಹೈಡ್ರೋಜನ್ ಬರುವುದನ್ನು ತೋರಿಸಿದರು. ಮರುವರ್ಷವೇ ಅರಬರ ತೈಲದ ಬೆಲೆ ಏರಿತು, ಪ್ರಪಂಚಕ್ಕೆ ಈ ಪ್ರಯೋಗದ ಮೇಲೆ ಪ್ರೀತಿ ಹುಟ್ಟಿತು. ಆದರೆ ಆ ಬಿಳಿ ಪುಡಿ ಹೀರುವುದು ನೇರಳಾತೀತ ಕಿರಣಗಳನ್ನು. ಬಿಸಿಲಿನಲ್ಲಿ ಅವು ನೂರಕ್ಕೆ ಐದು ಪಾಲೂ ಇಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ವಸ್ತು ಬೇಕು, ಹೀರಿದ ಶಕ್ತಿಯನ್ನು ನೀರಿಗೆ ದಾಟಿಸಲು ಅದರ ಮೇಲೆ ಕ್ರಿಯಾವರ್ಧಕ ಬೇಕು. ಆ ಎರಡನೆಯ ಕುರ್ಚಿಯಲ್ಲಿ ಈ ಒಂಟಿ ಪರಮಾಣುಗಳನ್ನು ಕೂರಿಸುವ ಪ್ರಯತ್ನವೇ ಈಗ ನಡೆಯುತ್ತಿರುವುದು.

ಇದರಲ್ಲಿ ಕನ್ನಡದವರಿಗೆ ಏನು ಸಂಬಂಧ ಅಂತ ಕೇಳಬಹುದು. ಸಿ.ಎನ್.ಆರ್. ರಾವ್ ಅವರ ಹೆಸರು ಎಲ್ಲರಿಗೂ ಗೊತ್ತು, ಭಾರತರತ್ನ ಬಂದಾಗ ನಮ್ಮ ಸಂಘಗಳು ಹೆಮ್ಮೆಪಟ್ಟದ್ದೂ ಗೊತ್ತು. ಅವರು ಬೆಂಗಳೂರಿನ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮದಲ್ಲಿ; ಎಸ್.ಎಸ್.ಎಲ್.ಸಿ. ಮುಗಿಸಿದ್ದು 1947ರಲ್ಲಿ. ನಾನೂ ಕನ್ನಡ ಮಾಧ್ಯಮದಿಂದ ಬಂದವನು. ಹನ್ನೊಂದನೆಯ ಕ್ಲಾಸಿನ ಮೊದಲ ದಿನ ಇಂಗ್ಲಿಷಿನಲ್ಲಿ ಡೆಬಿಟ್ ಕ್ರೆಡಿಟ್ ಕೇಳಿ ಬೆವರಿದವನಿಗೆ ಈ ಒಂದು ಸಂಗತಿ ಕೊಟ್ಟ ಧೈರ್ಯ ಸಣ್ಣದಲ್ಲ. ಆದರೆ ಹಾರ ಹಾಕಿದ ನಾವು ಯಾರೂ ಅವರು ಮಾಡಿದ್ದೇನು ಅಂತ ಕೇಳಲಿಲ್ಲ.

ಒಂದನ್ನು ಹೇಳುತ್ತೇನೆ. ಮಾಲಿಬ್ಡಿನಮ್ ಸಲ್ಫೈಡ್ ಎಂಬ ವಸ್ತುವಿದೆ. ಗ್ಯಾರೇಜಿನವರ ಕಪ್ಪು ಗ್ರೀಸಿನಲ್ಲಿ ಇರುತ್ತದೆ, ಪ್ಲಾಟಿನಮ್ಮಿನ ಮುಂದೆ ಕವಡೆ ಬೆಲೆ. ಹಾಳೆ ಹಾಳೆಯಾಗಿ ಇರುವ ಈ ವಸ್ತುವಿನ ಸಾಧಾರಣ ರೂಪದಲ್ಲಿ ಹೈಡ್ರೋಜನ್ ಬಿಡಿಸುವ ಕೆಲಸ ನಡೆಯುವುದು ಹಾಳೆಯ ಅಂಚಿನಲ್ಲಿ ಮಾತ್ರ, ನಡುವಿನ ಬಯಲು ಸೋಮಾರಿ ಎಂದು ಡೆನ್ಮಾರ್ಕಿನವರು 2007ರಲ್ಲಿ ತೋರಿಸಿದ್ದರು. (ಮುಂಬಯಿಯಂತೆಯೇ ಅಲ್ಲವೆ? ಕೆಲಸ ಮಾಡುವವರು ಅಂಚಿನಲ್ಲಿ, ವಿರಾರ್‌ನಲ್ಲಿ, ಕಲ್ಯಾಣದಲ್ಲಿ.) ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಅದು ರಾವ್ ಅವರೇ 1989ರಲ್ಲಿ ಕಟ್ಟಿದ ಸಂಸ್ಥೆ, ಅವರ ತಂಡ ಈ ವಸ್ತುವಿನ ಇನ್ನೊಂದು ರೂಪವನ್ನು, ವಿದ್ಯುತ್ತು ಸಲೀಸಾಗಿ ಹರಿಯುವ ಒಂದೇ ಪದರದ ರೂಪವನ್ನು, ತಯಾರಿಸಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೈಡ್ರೋಜನ್ ಬಿಡಿಸಿದ್ದನ್ನು 2013ರಲ್ಲಿ ಪ್ರಕಟಿಸಿತು. ಒಂಟಿ ಪರಮಾಣುವಿನ ದಾರಿ ಬೇರೆ, ಇದರ ದಾರಿ ಬೇರೆ. ಹಟ ಮಾತ್ರ ಒಂದೇ: ಯಾವ ಪರಮಾಣುವೂ ಸುಮ್ಮನೆ ಕೂರಬಾರದು, ಆದಷ್ಟು ಅಗ್ಗದ್ದರಲ್ಲಿ ಆಗಬೇಕು.

ಇಷ್ಟು ಹೊಗಳಿದ ಮೇಲೆ ಆಡಿಟ್ ಮಾಡಬೇಡವೆ?

ಮೊದಲ ಆಕ್ಷೇಪಣೆ. ಒಂಟಿ ಪರಮಾಣುಗಳಿಗೆ ಒಂಟಿತನ ಸಹಿಸದು. ಬಿಟ್ಟರೆ ಜಾರಿ ಜಾರಿ ಒಂದನ್ನೊಂದು ಸೇರಿ ಮತ್ತೆ ಗಟ್ಟಿಯಾಗುತ್ತವೆ. ಡೆಡ್ ಸ್ಟಾಕ್ ವಾಪಸ್ಸು. ಹಾಗಾಗದಂತೆ ನೈಟ್ರೋಜನ್ ಬೆರೆತ ಇಂಗಾಲಕ್ಕೋ, ಆಕ್ಸೈಡಿನಲ್ಲಿರುವ ಖಾಲಿ ಜಾಗಕ್ಕೋ ಒಂದೊಂದನ್ನೂ ಕಟ್ಟಿಹಾಕಬೇಕು. ಕಟ್ಟುವ ಜಾಗಗಳು ಕಡಿಮೆ, ಆದ್ದರಿಂದ ಸಾಮಾನ್ಯವಾಗಿ ಕೂರಿಸಬಹುದಾದ ಲೋಹ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು. ಒಬ್ಬೊಬ್ಬ ಕೆಲಸಗಾರನೂ ಚುರುಕೇ, ಆದರೆ ಕೆಲಸಗಾರರೇ ಕಡಿಮೆ. "ಒಂದು ಪರಮಾಣುವಿಗೆ ಇಷ್ಟು ಉತ್ಪಾದನೆ" ಎಂಬ ಅಂಕಿ ನೋಡಿ ಮರುಳಾಗಬಾರದು. ಇಡೀ ಕಾರ್ಖಾನೆಯ ಉತ್ಪಾದನೆ ಎಷ್ಟು ಅಂತ ಕೇಳಬೇಕು.

ಎರಡನೆಯದು ಇದಕ್ಕಿಂತ ಗಂಭೀರ. ನೀರನ್ನು ಒಡೆದರೆ ಎರಡು ಅನಿಲ ಬರಬೇಕು, ಹೈಡ್ರೋಜನ್ ಮತ್ತು ಆಮ್ಲಜನಕ. ಕಷ್ಟದ್ದು ಆಮ್ಲಜನಕದ ಕಡೆ. ಅಲ್ಲಿ ನಾಲ್ಕು ಇಲೆಕ್ಟ್ರಾನುಗಳನ್ನು ಸಾಗಿಸಬೇಕು. ಹಾಗಾಗಿ ಎಷ್ಟೋ ಪ್ರಯೋಗಗಳಲ್ಲಿ ಆ ಕಡೆಯನ್ನು ಬಿಟ್ಟುಬಿಡುತ್ತಾರೆ. ನೀರಿಗೆ ಬೇರೊಂದು ರಾಸಾಯನಿಕ ಬೆರೆಸಿ ಅದನ್ನು ಬಲಿ ಕೊಡುತ್ತಾರೆ, ಹೈಡ್ರೋಜನ್ ಸುಲಭವಾಗಿ ಬರುತ್ತದೆ. ಇಂಗ್ಲಿಷಿನಲ್ಲೂ ಅದಕ್ಕೆ ಬಲಿಯ ಹೆಸರೇ ಇದೆ. ನಾನು ಮೇಲೆ ಹೇಳಿದ ಬೆಂಗಳೂರಿನ ಪ್ರಯೋಗವೂ ಇದೇ ಬಗೆಯದು. ಇದು ಮೋಸವಲ್ಲ, ಅರ್ಧ ಕೆಲಸವನ್ನು ಬಿಡಿಯಾಗಿ ಪರೀಕ್ಷಿಸುವ ಕ್ರಮ. ಪ್ರಬಂಧದಲ್ಲಿ ಬರೆದೇ ಇರುತ್ತಾರೆ. ಆದರೆ ಪೇಪರಿನಲ್ಲಿ ಸುದ್ದಿ ಬರುವಾಗ ಆ ಸಾಲು ಬಿದ್ದುಹೋಗುತ್ತದೆ. ಜಮಾ ಪುಟ ತೋರಿಸಿ ಖರ್ಚಿನ ಪುಟ ಹರಿದಂತೆ.

ಮೂರನೆಯದು ತಾರಸಿಯ ಲೆಕ್ಕ. ಮುಂಬಯಿಯ ಬಿಸಿಲನ್ನು ವರ್ಷದ ಸರಾಸರಿಯಲ್ಲಿ ದಿನಕ್ಕೆ ಚದರ ಮೀಟರಿಗೆ 5 ಯೂನಿಟ್ ಎಂದು ಹಿಡಿಯೋಣ. ಒಂದು ಕೆ.ಜಿ. ಹೈಡ್ರೋಜನ್ನಿನಲ್ಲಿ ಸುಮಾರು 33 ಯೂನಿಟ್ ಶಕ್ತಿ. ನಮ್ಮ ಕಡೆಯ ಒಂದು ಕಟ್ಟಡದ ತಾರಸಿ 200 ಚದರ ಮೀಟರ್ ಎನ್ನೋಣ. ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲು ಹೈಡ್ರೋಜನ್ ಆದರೆ ಇಡೀ ತಾರಸಿಯಿಂದ ದಿನಕ್ಕೆ 300 ಗ್ರಾಂ. ಅದೇ ತಾರಸಿಗೆ ನೂರಕ್ಕೆ ಇಪ್ಪತ್ತು ಪಾಲು ಹಿಡಿಯುವ ಸೋಲಾರ್ ಪ್ಯಾನೆಲ್ ಹಾಸಿ, ಆ 200 ಯೂನಿಟ್ ಕರೆಂಟನ್ನು ವಿದ್ಯುದ್ವಿಭಜನೆಯ ಯಂತ್ರಕ್ಕೆ ಕೊಟ್ಟರೆ 4 ಕೆ.ಜಿ. ಹತ್ತಿರ. ಎಲ್ಲಿ 300 ಗ್ರಾಂ, ಎಲ್ಲಿ 4 ಕೆ.ಜಿ.! ನೂರಕ್ಕೆ ಒಂದು ಎಂದದ್ದು ನಾನು ಕಡಿಮೆ ಹಿಡಿದದ್ದಲ್ಲ. ಜಪಾನಿನ ಡೊಮೆನ್ ಅವರ ತಂಡ 100 ಚದರ ಮೀಟರಿನ ಹಲಗೆಗಳನ್ನು ಬಯಲಿನಲ್ಲಿ ಹಾಸಿ ತಿಂಗಳುಗಟ್ಟಲೆ ನಡೆಸಿದ ಪ್ರಯೋಗದ ಫಲವನ್ನು 2021ರಲ್ಲಿ ಪ್ರಕಟಿಸಿತು. ಅದರಲ್ಲಿ ಸಿಕ್ಕಿದ ಗರಿಷ್ಠ ನೂರಕ್ಕೆ 0.76. ಅಲ್ಲಿ ಎರಡೂ ಅನಿಲಗಳು ಬೆರೆತೇ ಬರುತ್ತಿದ್ದವು, ಕಿಡಿ ತಾಗಿದರೆ ಸಿಡಿಯುವ ಮಿಶ್ರಣ. ಪೊರೆಯ ಮೂಲಕ ಸೋಸಿ ಬೇರ್ಪಡಿಸಿದರು. ಅಮೆರಿಕದ ಮಿಷಿಗನ್ನಿನವರು 2023ರಲ್ಲಿ 9.2 ಮುಟ್ಟಿದ್ದೂ ಉಂಟು, ಆದರೆ ಬಿಸಿಲನ್ನು ಮಸೂರದಿಂದ ಕೂಡಿಸಿ ಸಣ್ಣ ತುಂಡಿನ ಮೇಲೆ ಬಿಟ್ಟು.

ಹೀಗಾಗಿ ಗೆಳೆಯನಿಗೆ ನನ್ನ ಉತ್ತರ: ನಿನ್ನ ಪರಮಾಣು ಒಂದು ಖಾತೆಯನ್ನು ಮಾತ್ರ ಸರಿಮಾಡಿದೆ, ಲೋಹದ ಖಾತೆ. ಬಾಳಿಕೆಯ ಖಾತೆ, ಬೆಳಕಿನ ಖಾತೆ, ಅನಿಲ ಬೇರ್ಪಡಿಸುವ ಖಾತೆ ಇನ್ನೂ ತೆರೆದೇ ಇವೆ. ಈ ಸರಕು ಇವತ್ತು ಅಂಗಡಿಗೆ ಬರುವಂಥದಲ್ಲ.

ನಾನು ಇಲ್ಲಿಗೇ ನಿಲ್ಲಿಸಿದ್ದರೆ ಅವನು ಹೇಳಿದ್ದು ನಿಜವಾಗುತ್ತಿತ್ತು, ಕಾಮರ್ಸಿನವರಿಗೆ ಬೆಲೆ ಒಂದೇ ಗೊತ್ತು ಅಂತ. ಆದರೆ ಇಲ್ಲಿಂದಲೇ ನನ್ನ ನಿಜವಾದ ತಕರಾರು ಶುರು.

ಭಾರತ ಸರ್ಕಾರ 2023ರ ಜನವರಿ 4ರಂದು ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಒಟ್ಟು 19,744 ಕೋಟಿ ರೂಪಾಯಿ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್ ತಯಾರಿಸುವ ಸಾಮರ್ಥ್ಯ ಬರಬೇಕೆಂಬ ಗುರಿ. ಒಳ್ಳೆಯದೇ. ಈಗ ಹಂಚಿಕೆ ನೋಡಿ. ಪ್ರೋತ್ಸಾಹಧನಕ್ಕೆ 17,490 ಕೋಟಿ. ಅದರಲ್ಲಿ 13,050 ಕೋಟಿ ಹೈಡ್ರೋಜನ್ ತಯಾರಿಸುವವರಿಗೆ, 4,440 ಕೋಟಿ ಅದರ ಯಂತ್ರ ತಯಾರಿಸುವವರಿಗೆ. ಮಾದರಿ ಯೋಜನೆಗಳಿಗೆ 1,466 ಕೋಟಿ. ಇತರೆ 388 ಕೋಟಿ. ಸಂಶೋಧನೆಗೆ 400 ಕೋಟಿ. ಕೂಡಿಸಿ ನೋಡಿ, ಲೆಕ್ಕ ತಾಳೆಯಾಗುತ್ತದೆ. 19,744ರಲ್ಲಿ 400 ಅಂದರೆ ರೂಪಾಯಿಗೆ ಎರಡು ಪೈಸೆ.

ಎರಡು ಪೈಸೆ!

ತಯಾರಕರಿಗೆ ಕೊಡುವ ಪ್ರೋತ್ಸಾಹಧನ ಕೆ.ಜಿ.ಗೆ ಮೊದಲ ವರ್ಷ ಹೆಚ್ಚೆಂದರೆ 50 ರೂಪಾಯಿ, ಎರಡನೆಯ ವರ್ಷ 40, ಮೂರನೆಯ ವರ್ಷ 30. ಆ ದುಡ್ಡು ಕೊಳ್ಳುವುದು ಇವತ್ತಿನ ವಿಧಾನದ ಹೈಡ್ರೋಜನ್ನನ್ನು. ಆ ಹೈಡ್ರೋಜನ್ ಉರಿದು ಹೋಗುತ್ತದೆ, ಗೊಬ್ಬರವಾಗಿ ಹೋಗುತ್ತದೆ. ತಪ್ಪೇನಲ್ಲ. ಚೆಂಬೂರಿನ ಆಚೆ ಟ್ರಾಂಬೆಯ ಗೊಬ್ಬರ ಕಾರ್ಖಾನೆ, ಮಾಹುಲದ ತೈಲ ಶುದ್ಧೀಕರಣದ ಕಾರ್ಖಾನೆಗಳು, ಇವೆಲ್ಲ ಹೈಡ್ರೋಜನ್ ಬಳಸುವವೇ. ದೇಶದಲ್ಲಿ ಇವತ್ತು ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲದಿಂದ ಬರುತ್ತದೆ. ಹಾಗೆ ಮಾಡಿದ ಒಂದು ಕೆ.ಜಿ.ಗೆ ಒಂಬತ್ತು ಹತ್ತು ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಕಾಶಕ್ಕೆ. ಅದನ್ನು ಬದಲಿಸಲು ಕಂಪನಿಗಳಿಗೆ ಆಸೆ ತೋರಿಸಬೇಕಾದ್ದು ಸರಿ. ಆದರೆ ಅಂಗಡಿಗೆ ಬಂದ ಸರಕಿಗೆ ರೂಪಾಯಿಯಲ್ಲಿ ಎಂಬತ್ತೆಂಟು ಪೈಸೆ ಕೊಟ್ಟು, ಇನ್ನೂ ಅಂಗಡಿಗೆ ಬಾರದ ಸರಕಿಗೆ ಎರಡು ಪೈಸೆ ಕೊಡುವುದು ಯಾವ ವ್ಯಾಪಾರ? ಅಂಗಡಿಗೆ ಬಂದದ್ದಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಶೇರು ಮಾರುಕಟ್ಟೆ ಬಂಡವಾಳ ಕೊಡುತ್ತದೆ. ಪರಮಾಣುವನ್ನು ಕಟ್ಟಿಹಾಕುವ ಕೆಲಸಕ್ಕೆ ಯಾವ ಬ್ಯಾಂಕು ಸಾಲ ಕೊಟ್ಟೀತು? ಅದಕ್ಕೆ ಸರ್ಕಾರವೇ ಗತಿ. ಈ ಸರಕು ಇವತ್ತು ಮಾರಲು ಬರುವುದಿಲ್ಲ ಎಂದು ನಾನು ಆಡಿಟ್ ಮಾಡಿ ತೋರಿಸಿದೆನಲ್ಲ, ಅದಕ್ಕೆ ದುಡ್ಡು ಬೇಕು ಎನ್ನುವುದಕ್ಕೂ ಅದೇ ಕಾರಣ.

ವಿಜ್ಞಾನಕ್ಕೆ ಬೇರೆ ಇಲಾಖೆಗಳ ಹಣವೂ ಬರುತ್ತದೆ, 400 ಕೋಟಿಯೇ ಎಲ್ಲವೂ ಅಲ್ಲ ಎಂದು ಯಾರಾದರೂ ಹೇಳಿಯಾರು. ಒಪ್ಪಿದೆ. ಆದರೂ ಒಂದು ಮಿಷನ್ ತನ್ನ ಮನಸ್ಸಿನಲ್ಲಿ ಏನಿದೆ ಎಂದು ತೋರಿಸುವುದು ತನ್ನ ಹಂಚಿಕೆಯಲ್ಲಿ. ನಾನು ಕೇಳುವುದು ದೊಡ್ಡದಲ್ಲ. ಆ 17,490 ಕೋಟಿಯಲ್ಲಿ ನೂರಕ್ಕೆ ಎರಡೂವರೆಗಿಂತ ಕಡಿಮೆ ತೆಗೆದು ಈ ಕಡೆ ಹಾಕಿದರೆ 400 ಎಂಟುನೂರಾಗುತ್ತದೆ. ಕಂಪನಿಗಳಿಗೆ ಗೊತ್ತೂ ಆಗಲಿಕ್ಕಿಲ್ಲ. ಜೊತೆಗೆ ಪ್ರಯೋಗಶಾಲೆಗಳಿಗೂ ಒಂದು ಷರತ್ತು: ದುಡ್ಡು ತೆಗೆದುಕೊಂಡವರು ಎರಡೂ ಅನಿಲಗಳ ಲೆಕ್ಕ ಕೊಡಬೇಕು, ಎಷ್ಟು ಗಂಟೆ ನಡೆಯಿತು ಹೇಳಬೇಕು, ಎಷ್ಟು ಗ್ರಾಂ ಲೋಹ ಹೋಯಿತು ಹೇಳಬೇಕು. ಸೋತದ್ದನ್ನೂ ಬರೆಯಬೇಕು. ಹತ್ತರಲ್ಲಿ ಒಂಬತ್ತು ಸೋಲಬಹುದು. ನಮ್ಮ ಬಿಸಿನೆಸ್ ಪುಸ್ತಕದಲ್ಲಿ ಅದಕ್ಕೆ ರಿಸ್ಕ್ ಅಂತಾರೆ, ಅದರ ಮೇಲೇ ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಪ್ರಶ್ನೆ ಬರುತ್ತದೆ.

ಇಷ್ಟೆಲ್ಲ ನಡೆಯುವುದು ಎಲ್ಲೋ ದೂರದಲ್ಲಿ ಅಂತ ತಿಳಿಯಬೇಡಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ನಾವು ನಾಟಕ ನೋಡಲು ಹೋಗುತ್ತೇವಲ್ಲ, ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ರಸಾಯನ ತಂತ್ರಜ್ಞಾನ ಸಂಸ್ಥೆ ಇದೆ, 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಶುರುವಾದದ್ದು. ಅಲ್ಲಿಯವರು ತಾಮ್ರ ಮತ್ತು ಕ್ಲೋರಿನ್ನಿನ ಸುತ್ತಿನ ಮೂಲಕ, ಸುಮಾರು 550 ಡಿಗ್ರಿ ಶಾಖದಲ್ಲಿ, ನೀರಿನಿಂದ ಹೈಡ್ರೋಜನ್ ತೆಗೆಯುವ ವಿಧಾನವನ್ನು ಓ.ಎನ್.ಜಿ.ಸಿ.ಯ ಕೇಂದ್ರದ ಜೊತೆ ಸೇರಿ ಬೆಳೆಸಿದ್ದಾರೆ. ಟ್ರಾಂಬೆಯ ಭಾಭಾ ಪರಮಾಣು ಕೇಂದ್ರದವರು ಅಯೋಡಿನ್ ಗಂಧಕದ ಸುತ್ತನ್ನು ಹಿಡಿದಿದ್ದಾರೆ. ಪೊವಾಯಿಯ ಐ.ಐ.ಟಿ.ಯಲ್ಲಿ ವಿದ್ಯುದ್ವಿಭಜನೆಗೆ ಆಯಸ್ಕಾಂತದ ನೆರವು ಪಡೆಯುವ ಪ್ರಯೋಗವಾಗಿದೆ. ಒಂದೇ ನೀರು, ಒಂದೇ ಊರು, ಮೂರು ದಾರಿ. ಯಾವುದು ಗೆಲ್ಲುತ್ತದೋ ಯಾರು ಬಲ್ಲರು. ನಾಟಕ ಮುಗಿಸಿ ವಡಾ ತಿಂದು ಅದೇ ರಸ್ತೆಯಲ್ಲಿ ವಾಪಸ್ಸಾಗುವ ನಮಗೆ ಆ ಕಾಂಪೌಂಡಿನ ಒಳಗೆ ಏನಾಗುತ್ತಿದೆ ಎಂದು ಕನ್ನಡದಲ್ಲಿ ಹೇಳುವವರಿಲ್ಲ.

ಹೇಳುವವರು ಬೇಕು, ಯಾಕೆಂದರೆ ನಾಳೆ ಕೇಳಬೇಕಾದವರು ನಾವು. ಬ್ಯಾಂಕುಗಳ ತವರು ಅಂತ ಹೆಸರಾದ ಜಿಲ್ಲೆಯಿಂದ ಬಂದ ಮನೆಗಳ ಹುಡುಗರು ಹುಡುಗಿಯರು ನಮ್ಮ ಸಂಘದಲ್ಲಿ ಅರ್ಧಕ್ಕೂ ಹೆಚ್ಚು. ನಮ್ಮಲ್ಲೇ ಯಾರೋ ಒಬ್ಬರು ಸಾಲದ ಟೇಬಲ್ಲಿನ ಹಿಂದೆ ಕೂತಿರುವಾಗ 'ಒಂಟಿ ಪರಮಾಣು' ಎಂದು ಹೆಸರಿಟ್ಟುಕೊಂಡ ಕಂಪನಿಯೊಂದು ಬಣ್ಣದ ಪುಸ್ತಕ ಹಿಡಿದು ಬಂದರೆ? ಆಮ್ಲಜನಕದ ಪುಟ ಎಲ್ಲಿ ಅಂತ ಕೇಳಲು ಬರಬೇಡವೆ?

ಕವಿಮಿತ್ರರಿಗೆ ಇನ್ನೊಂದು ಸಮಾಧಾನ ಹೇಳಿಬಿಡುತ್ತೇನೆ. ಹೈಡ್ರೋಜನ್ನಿಗಾಗಿ ನೀರೆಲ್ಲ ಒಡೆದುಹಾಕಿದರೆ ಕುಡಿಯಲು ಏನು ಅಂತ ಕಳೆದ ಸಭೆಯಲ್ಲಿ ಒಬ್ಬರು ಕೇಳಿದ್ದರು. ಒಂದು ಕೆ.ಜಿ. ಹೈಡ್ರೋಜನ್ನಿಗೆ ಒಡೆಯಬೇಕಾದ ನೀರು 9 ಲೀಟರ್. 50 ಲಕ್ಷ ಟನ್ನಿಗೆ 4,500 ಕೋಟಿ ಲೀಟರ್. ಕೇಳಲು ಭಯಂಕರ. ಆದರೆ ವಿಹಾರ, ತುಳಸಿ, ತಾನ್ಸಾ, ವೈತರಣಾ, ಭಾತ್ಸಾಗಳಿಂದ ನಮ್ಮ ಮುಂಬಯಿಗೆ ದಿನಕ್ಕೆ ಬರುವ ನೀರು 400 ಕೋಟಿ ಲೀಟರಿನ ಹತ್ತಿರ. ಅಂದರೆ ಇಡೀ ದೇಶದ ವರ್ಷದ ಗುರಿಗೆ ಒಡೆಯಬೇಕಾದ ನೀರು ಈ ಊರಿನ ಹನ್ನೆರಡು ದಿನದ ಖರ್ಚು. ತಂಪು ಮಾಡಲು, ಶುದ್ಧಿ ಮಾಡಲು ಬೇಕಾದದ್ದು ಸೇರಿಸಿ ಎರಡು ಮೂರು ಪಟ್ಟು ಹಿಡಿದರೂ ಒಂದು ತಿಂಗಳ ಆಸುಪಾಸು. ಮಳೆಯ ಮೇಲೆ ಇನ್ನೂ ಏಳು ಕವಿತೆ ಧೈರ್ಯವಾಗಿ ಬರೆಯಬಹುದು.

ಈ ಲೇಖನವನ್ನು ಗೆಳೆಯನಿಗೆ ತೋರಿಸಿದೆ. ಓದಿ, "ಆಮ್ಲಜನಕದ ಕಡೆಯನ್ನು ನೀನು ಎರಡು ಸಾಲಿನಲ್ಲಿ ಮುಗಿಸಿದ್ದೀಯ, ಅಲ್ಲೇ ಉಂಟು ನಿಜವಾದ ಗಮ್ಮತ್ತು" ಅಂದ. ಹಾಗಾದರೆ ಮುಂದಿನ ಸಂಚಿಕೆಗೆ ಅದನ್ನು ಅವನೇ ಬರೆಯಲಿ. ಅವನಿಗೆ ಕನ್ನಡದಲ್ಲಿ ಬರೆಯಲು ನಾಚಿಕೆಯಂತೆ, ಕಾಗುಣಿತ ತಪ್ಪುತ್ತದಂತೆ. ತಪ್ಪಿದರೆ ನಾನು ತಿದ್ದುತ್ತೇನೆ, ಸ್ಟೆನ್ಸಿಲ್ಲೂ ನಾನೇ ಕೊರೆದುಕೊಡುತ್ತೇನೆ. ಸಂಪಾದಕರು ನಾಲ್ಕು ಪುಟ ಬಿಡಬೇಕು, ಅಷ್ಟೆ.